ಕರುಳಿನ ಕ್ರಿಮಿಗಳೂ ಕೂಸಿನ ಮೌನವೂ

ಹೊಟ್ಟೆಗೂ ಮನಸ್ಸಿಗೂ ಸಂಬಂಧವುಂಟೆಂಬುದು ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ಜಠರಾಗ್ನಿಯು ಮಂದವಾದರೆ ರೋಗಗಳು ಮೊಳೆಯುವವೆಂದು ವೈದ್ಯಗ್ರಂಥಗಳು ಹೇಳುತ್ತ ಬಂದಿವೆ. ಊಟದ ಕಡೆಗೆ ಮಜ್ಜಿಗೆಯಿಲ್ಲದಿದ್ದರೆ ನಮ್ಮ ಸೀಮೆಯ ಮುದುಕರಿಗೆ ಉಂಡಂತೆಯೇ ಆಗುವದಿಲ್ಲ. ಈಗಿನ ಪಂಡಿತರು ಇದೇ ವಿಷಯವನ್ನು ಬೇರೊಂದು ರೀತಿಯಿಂದ ವಿಚಾರಿಸುತ್ತಿದ್ದಾರೆ. ಮನುಷ್ಯನ ಕರುಳಿನಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ವಾಸಿಸುವವು. ಅವು ಅನ್ನವನ್ನು ಒಡೆದು ನಾನಾ ದ್ರವ್ಯಗಳನ್ನು ಹುಟ್ಟಿಸುವವು. ರಕ್ತದ ಮೂಲಕವೂ ನರಗಳ ಮೂಲಕವೂ ಅವುಗಳ ಪ್ರಭಾವವು ಮೆದುಳಿಗೆ ಮುಟ್ಟಬಹುದು. ಇಷ್ಟರ ಮಟ್ಟಿಗೆ ಚಿಂತೆಗೆ ಕಾರಣವಿಲ್ಲ. ಆದರೆ ಇದರ ಮೇಲೆ ಕಟ್ಟಿದ ಒಂದು ಆಸೆಯು ನಮ್ಮ ಬಂಧುವರ್ಗದಲ್ಲಿಯೇ ಒಂದು ಮನೆಯ ಹೊಲವನ್ನು ಮಾರಾಟಕ್ಕೆ ತಂದಿತ್ತು. ಆದಕಾರಣ ಈ ವಿಷಯವನ್ನು ಗೃಹಸ್ಥರ ಮುಂದಿಡುವದು ಅವಶ್ಯವೆಂದು ನನಗೆ ತೋರಿತು.

ನನ್ನ ತಂಗಿಯ ಮಗಳನ್ನು ಬ್ಯಾಡಗಿಗೆ ಕೊಟ್ಟಿದೆ. ಅವಳ ಗಂಡನು ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾನೆ. ಅವರ ಆರು ವರುಷದ ಮಗನು ಮಾತಾಡುವದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವದಿಲ್ಲ. ತಿರುಗುವ ಗಾಲಿಯನ್ನು ನೋಡುತ್ತ ತಾಸುಗಟ್ಟಲೆ ಕುಳಿತಿರುತ್ತಾನೆ. ಧಾರವಾಡದ ವೈದ್ಯರು ಇದಕ್ಕೆ ಆಟಿಸಂ, ಅಂದರೆ ಸ್ವಲೀನತೆ, ಎಂದು ಹೆಸರು ಹೇಳಿದರು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಅಮೇರಿಕೆಯಲ್ಲಿ 11 ಮಕ್ಕಳ ಲಕ್ಷಣಗಳನ್ನು ವಿವರಿಸಿದಂದಿನಿಂದ ಈ ಸ್ಥಿತಿಯು ವೈದ್ಯಲೋಕಕ್ಕೆ ಚೆನ್ನಾಗಿ ಪರಿಚಿತವಾಯಿತು. ಇದು ತಾಯಿಯ ತಪ್ಪೂ ಅಲ್ಲ, ಗ್ರಹಗಳ ಕಾಟವೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭೇದವು. ಬಹುಮಟ್ಟಿಗೆ ವಂಶದಿಂದ ಬರತಕ್ಕದ್ದು.

ಇಂಥ ಅನೇಕ ಮಕ್ಕಳಿಗಿರುವಂತೆ ಈ ಹುಡುಗನಿಗೂ ಮಲಬದ್ಧತೆಯಿತ್ತು. ದೂರದ ಪಟ್ಟಣದ ಒಂದು ಚಿಕಿತ್ಸಾಲಯದವರು, ಆರೋಗ್ಯವಂತರ ಮಲದಿಂದ ಶೋಧಿಸಿ ತೆಗೆದ ಸೂಕ್ಷ್ಮಜೀವಿಗಳನ್ನು ಕರುಳಿಗೆ ಸೇರಿಸಿದರೆ ಮಾತು ಬರುವದೆಂದು ಆಸೆ ಹಚ್ಚಿದರು. ಮೋಟೆಬೆನ್ನೂರ ಕಡೆಗಿರುವ ಎರಡೆಕರೆ ಹೊಲಕ್ಕೆ ಗಿರಾಕಿಯೂ ಗೊತ್ತಾದನು. ನಾನು ಹಾವೇರಿಯಿಂದ ಹೋಗಿ ವಿಚಾರಿಸಲು ಆಕೆಯು, “ಮಾಮಾ, ಹೊಲ ಹೋದರ ಹೋಗಲಿ. ಒಮ್ಮೆ ‘ಅವ್ವಾ’ ಅಂದರ ಸಾಕು” ಎಂದಳು. ಈ ಮಾತಿಗೆ ಯಾವ ತರ್ಕಶಾಸ್ತ್ರದಲ್ಲಿಯೂ ಉತ್ತರವಿಲ್ಲ. ಆದರೆ ಔಷಧವನ್ನು ಮಾತ್ರ ತರ್ಕದಿಂದಲೇ ಪರೀಕ್ಷಿಸಬೇಕು. ರಾಣೇಬೆನ್ನೂರಿನಲ್ಲಿ ಮಕ್ಕಳ ವೈದ್ಯನಾಗಿರುವ ನನ್ನ ಹಳೆಯ ಶಿಷ್ಯನು ಎರಡು ದಿನ ನನ್ನ ಸಂಗಡ ಕುಳಿತು ಈ ಸಂಶೋಧನೆಗಳನ್ನು ತಿಳಿಯಹೇಳಿದನು.

2017ರಲ್ಲಿ ಅಮೇರಿಕೆಯ ಅರಿಜೋನಾ ಸಂಸ್ಥಾನದ ವಿಶ್ವವಿದ್ಯಾಲಯದವರು ಸ್ವಲೀನತೆಯುಳ್ಳ 18 ಮಕ್ಕಳಿಗೆ ಈ ಚಿಕಿತ್ಸೆಯನ್ನು ಕೊಟ್ಟರು. ಹೊಟ್ಟೆಯ ತೊಂದರೆಗಳು ಶೇಕಡಾ 80ರಷ್ಟು ಇಳಿದವು. ನಡತೆಯಲ್ಲಿಯೂ ಸುಧಾರಣೆ ಕಂಡಿತು. ಎರಡು ವರುಷಗಳ ತರುವಾಯ ನೋಡಿದಾಗಲೂ ಗುಣವು ಉಳಿದಿತ್ತೆಂದು 2019ರಲ್ಲಿ ಪ್ರಕಟಿಸಿದರು. ಕೇಳುವವರಿಗೆ ಇಷ್ಟೇ ಸಾಕೆನಿಸುವದು. ಆದರೆ ಕಾರಣವನ್ನು ನಿಶ್ಚಯಿಸಲಿಕ್ಕೆ ಅನ್ವಯ, ವ್ಯತಿರೇಕ ಎರಡೂ ಬೇಕೆಂಬುದು ನೈಯಾಯಿಕರ ನಿಯಮ. ಮದ್ದು ಇದ್ದಲ್ಲಿ ಗುಣವಿತ್ತೆಂದು ಹೇಳಿದರಷ್ಟೇ ಸಾಲದು. ಮದ್ದು ಇಲ್ಲದಲ್ಲಿ ಗುಣವಿರಲಿಲ್ಲವೆಂಬುದನ್ನೂ ತೋರಿಸಬೇಕು. ಆ ಪ್ರಯೋಗದಲ್ಲಿ ತೋರಿಕೆಯ ಮದ್ದು ಕೊಟ್ಟ ಬೇರೊಂದು ಗುಂಪು ಇರಲಿಲ್ಲ; ಚಿಕಿತ್ಸೆ ನಡೆದದ್ದು ತಂದೆತಾಯಿಗಳಿಗೆಲ್ಲ ಗೊತ್ತಿತ್ತು. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಇರುವ ಸಂಬಂಧವು ಇಲ್ಲಿ ಇನ್ನೂ ತೀರ್ಮಾನವಾಗಬೇಕಾಗಿದೆ.

ಇದು ಹಟದ ಮಾತಲ್ಲ, ಪೂರ್ವದ ಅನುಭವವುಂಟು. ಸಿಕ್ರಿಟಿನ್ ಎಂಬ ಜೀರ್ಣಾಂಗದ ರಸದಿಂದ ಮೂವರು ಮಕ್ಕಳು ಸುಧಾರಿಸಿದರೆಂದು 1998ರಲ್ಲಿ ವಾರ್ತೆ ಹಬ್ಬಿ, ತಂದೆತಾಯಿಗಳು ಅದಕ್ಕಾಗಿ ಮುಗಿಬಿದ್ದರು. ಮರುವರುಷವೇ 60 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆ ರಸವನ್ನೂ ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಚುಚ್ಚಿ ನೋಡಲು, ಎರಡೂ ಗುಂಪಿನ ಮಕ್ಕಳು ಒಂದೇ ಸಮನೆ ಸುಧಾರಿಸಿದಂತೆ ಕಂಡರು. ಫಲವನ್ನು ತಿಳಿಸಿದ ಮೇಲೂ ಹೆಚ್ಚಿನ ಪಾಲು ತಂದೆತಾಯಿಗಳು ಆ ಮದ್ದಿನ ಆಸೆಯನ್ನು ಬಿಡಲಿಲ್ಲ. ಮಗುವಿನ ಮೇಲಿನ ಪ್ರೇಮವು ಕಣ್ಣನ್ನು ಹೇಗೆ ತುಂಬಿಬಿಡುವದು, ನೋಡಿರಿ!

ಇನ್ನು ಬೀಜ ಮೊದಲೋ ಮೊಳಕೆ ಮೊದಲೋ ಎಂಬ ಪ್ರಶ್ನೆ. ಸ್ವಲೀನತೆಯುಳ್ಳ ಮಕ್ಕಳ ಕರುಳಿನ ಜೀವಿಗಳು ಬೇರೆಯಾಗಿರುವವೆಂದು ಕೆಲವರು ಕಂಡರು. 2021ರಲ್ಲಿ ಆಸ್ಟ್ರೇಲಿಯಾದವರು 247 ಮಕ್ಕಳನ್ನು ಪರೀಕ್ಷಿಸಿ, ಇಂಥ ಮಕ್ಕಳು ಕೆಲವೇ ಪದಾರ್ಥಗಳನ್ನು ಹಟದಿಂದ ಉಣ್ಣುವದರಿಂದ ಕರುಳಿನ ಜೀವಿಗಳ ವೈವಿಧ್ಯವು ಕುಂದುವದೆಂದು ಅಭಿಪ್ರಾಯಪಟ್ಟರು. ಹಾಗಾದರೆ ಕರುಳಿನ ಭೇದವು ಸ್ವಲೀನತೆಯ ಮೂಲವಲ್ಲ, ಅದರ ಫಲವು. ಅಪಾಯವೂ ಇಲ್ಲದಿಲ್ಲ: ಬೇರೆ ರೋಗಗಳಿಗಾಗಿ ಈ ಚಿಕಿತ್ಸೆ ಪಡೆದ ಒಬ್ಬ ಅಶಕ್ತ ರೋಗಿಯು ದಾನಿಯ ಮಲದೊಳಗಿನ ಮದ್ದಿಗೆ ಬಗ್ಗದ ಕ್ರಿಮಿಯಿಂದ ಮೃತನಾದನೆಂದು 2019ರಲ್ಲಿ ಅಮೇರಿಕೆಯ ಸರಕಾರದವರು ಎಚ್ಚರಿಸಿದರು. 2022 ಮತ್ತು 2023ರಲ್ಲಿ ಅವರು ಈ ಬಗೆಯ ಎರಡು ಔಷಧಗಳಿಗೆ ಒಪ್ಪಿಗೆಯಿತ್ತದ್ದು ಮರುಕಳಿಸುವ ಒಂದು ಜಾತಿಯ ಉಗ್ರ ಭೇದಿಗಾಗಿ, ಸ್ವಲೀನತೆಗಾಗಿ ಅಲ್ಲ.

ಇದನ್ನೆಲ್ಲ ಕೇಳಿದ ಮೇಲೆ ಅಳಿಯನು ಹೊಲವನ್ನು ಮಾರಲಿಲ್ಲ. ಶಿಷ್ಯನು ಹುಡುಗನ ಮಲಬದ್ಧತೆಗೆ ಸಾದಾ ಮದ್ದನ್ನೂ ಆಹಾರಕ್ರಮವನ್ನೂ ಹೇಳಿದನು. ಮಾತಿಲ್ಲದ ಕೂಸು ಹೊಟ್ಟೆನೋವನ್ನು ಅಳುವಿನಿಂದಲೂ ತಲೆ ಬಡಿದುಕೊಳ್ಳುವದರಿಂದಲೂ ಹೇಳೀತೆಂಬುದು ಆಗ ನಮ್ಮೆಲ್ಲರಿಗೂ ಮನವರಿಕೆಯಾಯಿತು. ಏಕೆಂದರೆ ಹೊಟ್ಟೆ ಹಗುರಾದಂತೆ ಅವನಿಗೆ ರಾತ್ರಿ ನಿದ್ರೆ ಹತ್ತಿತು, ಅವನ ತಾಯಿಗೂ ಹತ್ತಿತು. ಮಾತು ಇನ್ನೂ ಬಂದಿಲ್ಲ. ಆದರೆ ಈಗ ಮಜ್ಜಿಗೆ ಬೇಕಾದರೆ ಅವಳ ಕೈ ಹಿಡಿದು ಗಡಿಗೆಯ ಬಳಿಗೆ ಎಳೆದೊಯ್ಯುತ್ತಾನೆ. ಅದೂ ಒಂದು ಭಾಷೆಯೇ ಸರಿ.

ಇಂಥ ಕೂಸಿರುವ ಮನೆಯವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯೂ, ಮಾತಿನ ಶಿಕ್ಷಣಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇರುತ್ತವೆ. 2016ರ ಕಾಯದೆಯು ಸ್ವಲೀನತೆಯನ್ನು ಅಂಗವೈಕಲ್ಯಗಳಲ್ಲಿ ಎಣಿಸಿರುವದರಿಂದ ಪ್ರಮಾಣಪತ್ರವನ್ನು ಪಡೆಯಲು ಸಂಕೋಚಪಡಬಾರದು. ಬಂಧುಗಳಾದ ನಾವು ಹೊಸ ಹೊಸ ಔಷಧಗಳ ಸುದ್ದಿಯನ್ನು ಹೊತ್ತು ತರುವದಕ್ಕಿಂತ, ವಾರಕ್ಕೊಂದು ದಿನವಾದರೂ ಆ ಕೂಸಿನ ಸಂಗಡ ಕುಳಿತು, ಅದರ ತಾಯಿಗೆ ಒಂದು ತಾಸು ವಿಶ್ರಾಂತಿ ಕೊಟ್ಟರೆ ದೊಡ್ಡ ಉಪಕಾರವಾದೀತು. ಅದಕ್ಕೆ ಯಾರ ಹೊಲವೂ ಮಾರಬೇಕಾಗಿಲ್ಲ.