ಸೈಮಾ ಸರೋವರದಲ್ಲಿ ಒಂದು ಬೇಸಿಗೆ

ಫಿನ್ಲೆಂಡಿನ ಅತಿ ದೊಡ್ಡ ಸರೋವರ ಸೈಮಾ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗದು. ಸವೊನ್ಲಿನ್ನಾ ಪಟ್ಟಣದಲ್ಲಿ, 1475ರಲ್ಲಿ ಕಟ್ಟಲಾರಂಭಿಸಿದ ಒಲಾವಿನ್ಲಿನ್ನಾ ಕೋಟೆಯನ್ನು ಹಿಂದೆ ಬಿಟ್ಟು ನಾವು ದೋಣಿಯಲ್ಲಿ ಉತ್ತರಕ್ಕೆ ಹೊರಟೆವು. ಕಣ್ಣು ಹಾಯಿಸಿದಲ್ಲೆಲ್ಲಾ ಬಂಡೆಯ ದ್ವೀಪಗಳು, ಪೈನ್ ಮರಗಳು. ಹಿಮಯುಗದ ನಂತರ ಕಡಲಿನಿಂದ ಬೇರ್ಪಟ್ಟು ಇಲ್ಲೇ ಉಳಿದ ಸೀಲ್ ಪ್ರಾಣಿಗಳು ಈಗ ಸುಮಾರು 500 ಮಾತ್ರ. ಅವು ಬಲೆಗೆ ಸಿಕ್ಕಿ ಸಾಯದಿರಲೆಂದು ವಸಂತಕಾಲದಲ್ಲಿ ಬಲೆ ಬೀಸಲು ನಿರ್ಬಂಧವಿದೆ.

ಹೇಯ್ನವೆಸಿಯ ಸುತ್ತ ಸರೋವರಗಳು ಒಂದೇ ಮಟ್ಟದಲ್ಲಿಲ್ಲ. ವರಿಸ್ತೈಪಲೆ ಕಾಲುವೆಯಲ್ಲಿ ಒಂದರ ಮೇಲೊಂದರಂತೆ ನಾಲ್ಕು ನೀರಿನ ಕೋಣೆಗಳಿವೆ. ದೋಣಿ ಒಳಬಂದೊಡನೆ ಹಿಂದಿನ ಬಾಗಿಲು ಮುಚ್ಚುತ್ತದೆ. ಮೇಲಿನ ನೀರು ತುಂಬಿದಂತೆ ದೋಣಿ ಸದ್ದಿಲ್ಲದೆ ಮೇಲೇರುತ್ತದೆ. ಹೀಗೆ 14 ಮೀಟರಿಗೂ ಹೆಚ್ಚು ಏರಿದೆವು.

ಅದರಾಚೆ ವಲಾಮೊ ಮಠ. ಇಲ್ಲಿನ ಆರ್ಥೊಡಾಕ್ಸ್ ಸನ್ಯಾಸಿಗಳ ಮೂಲಮನೆ ಲಾಡೋಗಾ ಸರೋವರದ ದ್ವೀಪ. 1940ರ ಚಳಿಗಾಲದಲ್ಲಿ ಯುದ್ಧ ಅವರನ್ನು ಎಬ್ಬಿಸಿತು. ಹೆಪ್ಪುಗಟ್ಟಿದ ನೀರಿನ ಮೇಲೆ ಲಾರಿಗಳಲ್ಲಿ ಪವಿತ್ರ ವಸ್ತುಗಳನ್ನು ಹೇರಿಕೊಂಡು ಹೊರಟರು. ಹಳೆಯ ಮಠ ಗಡಿಯಾಚೆ ಉಳಿಯಿತು. ಬಂದವರು ಇಲ್ಲೊಂದು ಹೊಲಮನೆ ಕೊಂಡು ನೆಲೆಸಿದರು. ಅವರು ಒಬ್ಬೊಬ್ಬರಾಗಿ ತೀರಿಹೋದಾಗ ಮಠವೇ ಮುಚ್ಚುವ ಸ್ಥಿತಿ. ಆದರೆ 1970ರ ದಶಕದಲ್ಲಿ ಸ್ಲಾವಿಕ್ ಭಾಷೆಯ ಪೂಜಾವಿಧಿ ಫಿನ್ನಿಶ್ ಭಾಷೆಗೆ ಬಂತು. ಊರಿನ ಯುವಕರು ಮಠ ಸೇರಿದರು. 1977ರಲ್ಲಿ ಹೊಸ ದೇವಾಲಯ ಎದ್ದಿತು.

ಅಲ್ಲಿ ಕೊನೆವೆತ್ಸ್ ಮಾತೆಯ ಪ್ರಾಚೀನ ಚಿತ್ರವಿದೆ. ಬಾಲಯೇಸುವಿನ ಕೈಯಲ್ಲಿ ಪಾರಿವಾಳದ ಮರಿಗಳು. ಅದೂ ಗಡಿ ದಾಟಿ ಬಂದದ್ದೇ. ಗಡಿನಾಡಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಮಗೆ ಅದರ ಮುಂದೆ ಮೊಣಕಾಲೂರಲು ಯಾರೂ ಹೇಳಬೇಕಾಗಲಿಲ್ಲ.