ನಿಂಬೆಗಿಡದ ಬಾಣಂತನ

“ಎರಡು ನಿಂಬೆಹಣ್ಣಿಗೆ ಇಷ್ಟೊಂದು ಬಾಣಂತನವೇನೋ ಮಾರಾಯ!” ವಿಡಿಯೊ ಕಾಲಿನಲ್ಲಿ ಅಮ್ಮ ನಗುತ್ತಿದ್ದಳು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ನಿಂಬೆಗಿಡವಿದೆ. ಅದನ್ನು ಯಾರೂ ನೆಟ್ಟಿದ್ದಲ್ಲ, ಸಾಕಿದ್ದಲ್ಲ. ಮುಳ್ಳು ತರಚುತ್ತದೆಂದು ಎಲ್ಲರಿಂದ ಬೈಸಿಕೊಳ್ಳುತ್ತಲೇ ಕಾಯಿ ಬಿಡುತ್ತಿರುತ್ತದೆ. ಅದರ ಮುಂದೆ ನನ್ನ ಮಿನಿಯಾಪೊಲಿಸ್ ಗಿಡದ ವೈಭೋಗ ಹೇಳಿಕೊಳ್ಳಲು ನಾಚಿಕೆ. ಎದೆಯೆತ್ತರದ ಗಿಡ, ಕೆಳಗೆ ಗಾಲಿಯ ಮಣೆ, ಕುಂಡದಡಿ ಬಿಸಿಯೇರುವ ವಿದ್ಯುತ್ ಚಾಪೆ, ನೆತ್ತಿಯ ಮೇಲೆ ದೀಪ. ಕಿಟಕಿಯ ಗಾಜಿನಾಚೆ ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿನ ಚಳಿ.

ನನ್ನದು ಮೆಯರ್ ನಿಂಬೆ. ಫ್ರಾಂಕ್ ಮೆಯರ್ ಹಾಲೆಂಡಿನಲ್ಲಿ ಹುಟ್ಟಿದವನು. ಅಮೆರಿಕದ ಕೃಷಿ ಇಲಾಖೆಗೆಂದು ಹೊಸ ಸಸ್ಯಗಳನ್ನು ಹುಡುಕುತ್ತ ಚೀನಾದಲ್ಲಿ ಸಾವಿರಾರು ಮೈಲಿ ನಡೆದ ಮನುಷ್ಯ. ಬೀಜಿಂಗ್ ಕಡೆಯಿಂದ ಅವನು ಕಳಿಸಿದ ಈ ನಿಂಬೆ 1908ರಲ್ಲಿ ಅಮೆರಿಕ ಸೇರಿತು. ಹತ್ತು ವರ್ಷದ ನಂತರ ಯಾಂಗ್‌ಟ್ಸಿ ನದಿಯ ಪಾಲಾದ ಆತ ತನ್ನ ಹೆಸರಿನ ಹಣ್ಣು ಪ್ರಸಿದ್ಧವಾದದ್ದನ್ನು ನೋಡಲಿಲ್ಲ. ಬೀಜಿಂಗಿನ ಜನ ಇದನ್ನು ಅಂದಕ್ಕೆಂದು ಕುಂಡದಲ್ಲೇ ಬೆಳೆಸುತ್ತಿದ್ದರಂತೆ. ಹಾಗಾಗಿ ಕುಂಡದಲ್ಲಿ ಕೂರಿಸಿದ್ದಕ್ಕೆ ನನಗೇನೂ ಪಾಪಭೀತಿಯಿಲ್ಲ. ಅದರ ಕುಲಕಸುಬೇ ಅದು. ತೆಳು ಸಿಪ್ಪೆ, ಹಣ್ಣಾದರೆ ಮೊಟ್ಟೆಯ ಭಂಡಾರದ ಬಣ್ಣ. ಹುಳಿ ಮಾತ್ರ ಮೆತ್ತಗೆ. ಊರಿನ ಒಂದು ನಿಂಬೆ ಮಾಡುವ ಕೆಲಸಕ್ಕೆ ಇದು ಒಂದೂವರೆ ಬೇಕು.

ಮೊದಲ ಗಿಡವನ್ನು ಕೊಂದದ್ದು ನಾನೇ. ಚಳಿಗಾಲಕ್ಕೆ ಒಳಗೆ ತಂದು ದಕ್ಷಿಣದ ಕಿಟಕಿಯ ಬಳಿ, ತಣ್ಣನೆಯ ಟೈಲ್ಸ್ ಮೇಲೆ ಇಟ್ಟೆ. ಹಿಮಕ್ಕೆ ಬಡಿದು ಪುಟಿದ ಬಿಸಿಲೂ ಸೇರಿ ಎಲೆಗಳು ಫಳಫಳ ಹೊಳೆಯುತ್ತಿದ್ದವು. ಎರಡೇ ವಾರ. ಹಸಿರೆಲೆಗಳು ಹಳದಿಯಾಗುವ ಸೌಜನ್ಯವನ್ನೂ ತೋರದೆ ಉದುರತೊಡಗಿದವು. ನೀರು ಸಾಲದೇನೋ ಎಂದು ಸುರಿದೆ. ಇನ್ನಷ್ಟು ಉದುರಿದವು. ಇನ್ನಷ್ಟು ಸುರಿದೆ. ಮಣ್ಣು 12–13 ಡಿಗ್ರಿಗಿಂತ ತಣ್ಣಗಾದರೆ ನಿಂಬೆ ಜಾತಿಯ ಬೇರು ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಮೇಲೆ ಬಿಸಿಲಿಗೆ ಕಾದ ಎಲೆ ನೀರು ಕೇಳುತ್ತದೆ, ಕೆಳಗೆ ಕೊಡುವವರು ಎದ್ದಿಲ್ಲ. ಕೇಳಿ ಸೋತ ಗಿಡ ಎಲೆಯನ್ನೇ ಕಳಚಿಹಾಕುತ್ತದೆ. ನಾನು ಸುರಿದ ನೀರು ಮಲಗಿದ್ದ ಬೇರನ್ನು ಅರ್ಧ ಕೊಳೆಸಿತ್ತು. ವಲಸೆ ಬಂದವರ ಪಾಡೂ ಇದೇ ಅಲ್ಲವೆ ಎಂದು ಒಂದು ಕವಿತೆ ಹೊಸೆಯುವ ಚಪಲವಾಯಿತು. ತಡೆದುಕೊಂಡು, ಹೋಗಿ ಚಾಪೆ ಕೊಂಡು ತಂದೆ.

ಇದನ್ನೆಲ್ಲ ವಿವರಿಸಿದಾಗ ಅಮ್ಮನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. “ನೆತ್ತಿಗೆ ಬಿಸಿಲು, ಕಾಲಿಗೆ ಥಂಡಿ, ಮೇಲಿಂದ ಕೊಡಗಟ್ಟಲೆ ನೀರು. ಬಾಣಂತಿಯನ್ನ ಹೀಗೆ ನೋಡ್ಕೊಂಡ್ರೆ ಉಳೀತಾಳೇನೋ?” ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದವಳು. ಕಾಲು ಬೆಚ್ಚಗಿರಲಿ, ನೀರು ಅಳತೆಯಲ್ಲಿರಲಿ, ಗಾಳಿ ನೇರ ಬಡಿಯದಿರಲಿ ಎಂದಳು. ಮನುಷ್ಯರ ಬಾಣಂತಿಗೆ ನೀರು ಕಡಿಮೆ ಕೊಡುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ; ನಿಂಬೆಗಿಡ ಮಾತ್ರ ಅಕ್ಷರಶಃ ಒಪ್ಪುತ್ತದೆ. ಈಗ ಮಣ್ಣಿಗೆ ಎರಡು ಗೆಣ್ಣು ಬೆರಳಿಳಿಸಿ, ಒಣಗಿದ್ದರೆ ಮಾತ್ರ ನೀರು.

ಸತ್ತ ಗಿಡವನ್ನು ಎಸೆಯದೆ ಮೂಲೆಯಲ್ಲಿಟ್ಟಿದ್ದೆ. ಏಪ್ರಿಲಿನಲ್ಲಿ ಬುಡದಿಂದ ಚಿಗುರೊಡೆದಾಗ ಮನೆಯಲ್ಲಿ ಪಾಯಸವೇ ಆಯಿತು. ಚಿಗುರಿನ ಉತ್ಸಾಹವೋ ಉತ್ಸಾಹ, ಹೆಬ್ಬೆರಳುದ್ದದ ಮುಳ್ಳು, ಒಂದೊಂದು ತೊಟ್ಟಿಗೂ ಮೂರು ಮೂರು ಎಲೆ. “ಇದೇನ್ರೀ, ಬಿಲ್ವಪತ್ರೆ ಬಂದಿದೆ?” ಎಂದಳು ಹೆಂಡತಿ. ಅವಳು ಹೇಳಿದ್ದು ತೀರಾ ತಪ್ಪೂ ಅಲ್ಲ. ಮೇಲಿನ ಕಸಿ ಸತ್ತು, ಕೆಳಗಿನ ಬೇರುಗಿಡ ತಲೆಯೆತ್ತಿತ್ತು. ಅದು ಚೀನಾದ ಮೂರೆಲೆ ಕಿತ್ತಳೆ. ಎಲೆ ಉದುರಿಸಿ ನಿದ್ದೆಹೋಗಿ ಶೂನ್ಯದ ಕೆಳಗೆ 20 ಡಿಗ್ರಿಯ ಚಳಿಯನ್ನೂ ತಾಳಬಲ್ಲದು ಎಂದೇ ಅದರ ಮೇಲೆ ಕಸಿ ಕಟ್ಟುತ್ತಾರೆ. ಹಣ್ಣು ಬಾಯಿಗಿಡಲಾರದಷ್ಟು ಕಹಿ. ಬಿಲ್ವ, ನಿಂಬೆ, ಕರಿಬೇವು ಎಲ್ಲ ಒಂದೇ ಕುಟುಂಬದ ಸಸ್ಯಗಳು.

ಕರಿಬೇವು ಪಕ್ಕದ ಕುಂಡದಲ್ಲೇ ಇದೆ. ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಅಂಕಗಳ ಬಳಿಕ ಹೆಚ್ಚು ವಿಚಾರಿಸುವುದು ಅದರ ಆರೋಗ್ಯವನ್ನೇ. ಊರಿನಿಂದ ತರುವ ಹಾಗಿಲ್ಲ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಒಂದು ಪುಟ್ಟ ಕೀಟಕ್ಕೆ ಕರಿಬೇವೂ ಪ್ರಿಯ.

ನನ್ನ ಹುಚ್ಚು ಹೊಸದಲ್ಲ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ವರ್ಸೇಲ್ಸ್‌ನಲ್ಲಿ ಕಿತ್ತಳೆ ಗಿಡಗಳಿಗೆಂದೇ 1684ರಿಂದ ಎರಡು ವರ್ಷ ಕಟ್ಟಿಸಿದ ಮಹಲು ಇವತ್ತಿಗೂ ಇದೆ. ಆದರೆ ನನ್ನ ಮನಸ್ಸು ಒಲಿಯುವುದು ರಷ್ಯಾದ ಪಾವ್ಲೊವೊ ಎಂಬ ಊರಿನ ಕಡೆಗೆ. 1860ರಲ್ಲಿ ಒಬ್ಬ ವ್ಯಾಪಾರಿ ಟರ್ಕಿಯಿಂದ ನಿಂಬೆಗಿಡ ತಂದನೆಂದು ಅಲ್ಲಿ ಹೇಳುತ್ತಾರೆ. ಕಡ್ಡಿ ಕತ್ತರಿಸಿ ನೆಟ್ಟರೆ ಬೇರು ಬಿಡುವ ತಳಿ ಅದು; ಮನೆಯಿಂದ ಮನೆಗೆ ಹಂಚಿಕೊಂಡು, ಕಿಟಕಿಯ ದಂಡೆಯ ಮೇಲೆಯೇ ಊರಿಗೆ ಊರೇ ನಿಂಬೆ ಬೆಳೆಯಿತು. ಈಗ ಅಲ್ಲಿ ನಿಂಬೆಗೊಂದು ಸ್ಮಾರಕವೂ ಇದೆ.

ಫೆಬ್ರವರಿಯಲ್ಲಿ ಹೂ. ಹಿಮಕ್ಕೆ ಬೂಟು ಹೂತು ಸೋತು ಬಂದು ಬಾಗಿಲು ತೆರೆದರೆ ಇಡೀ ಮನೆಗೆ ಕಂಪು. ಮಲ್ಲಿಗೆಯ ಮಗ್ಗುಲಿಗೆ ಒಂಚೂರು ಕಿತ್ತಳೆ ಸಿಪ್ಪೆ ಮುರಿದಂತೆ. ಒಳಗೆ ಗಾಳಿಯೂ ಇಲ್ಲ, ಜೇನೂ ಇಲ್ಲ. ಮಗಳ ಚಿತ್ರದ ಕುಂಚ ಹಿಡಿದು ಹೂವಿಂದ ಹೂವಿಗೆ ನಾನೇ ಹಾರುತ್ತೇನೆ. ಅಷ್ಟು ಮಾಡಿದರೂ ಮೆಣಸಿನಕಾಳು ಗಾತ್ರಕ್ಕೆ ಬಂದ ಮಿಡಿಗಳಲ್ಲಿ ಹೆಚ್ಚಿನವು ಉದುರುತ್ತವೆ. ಮೇ ಕೊನೆಗೆ ಹೊರಗೆ. ಅದೂ ಮೊದಲ ವಾರ ಮರದ ನೆರಳಲ್ಲಿ, ಇಲ್ಲವಾದರೆ ಚಳಿಗೆ ಸಾಯದ ಎಲೆ ಬಿಸಿಲಿಗೆ ಸುಡುತ್ತದೆ. ಸೆಪ್ಟೆಂಬರಿನಲ್ಲಿ ಎಲೆಯ ಅಡಿಯ ಕೀಟಗಳನ್ನು ಸಾಬೂನು ನೀರಲ್ಲಿ ತೊಳೆದು ಮತ್ತೆ ಒಳಗೆ. ಹಣ್ಣು ಹಳದಿಗೆ ತಿರುಗುವಾಗ ಹೊರಗೆ ಮತ್ತೆ ಹಿಮ ಬಿದ್ದಿರುತ್ತದೆ.

ಈ ಸಲ ಹನ್ನೊಂದು ಹಣ್ಣು. ಒಂದನ್ನು ಕೊಯ್ದು ದೇವರ ಮುಂದಿಟ್ಟಾಯಿತು. ಮಿಕ್ಕ ಹತ್ತನ್ನು ಕೊಯ್ಯಲು ಮನಸ್ಸು ಬಾರದೆ, ಅಂಗಡಿಯ ನಿಂಬೆಹಣ್ಣಿನಲ್ಲೇ ಚಿತ್ರಾನ್ನ ನಡೆಯುತ್ತಿದೆ.