ಹಾಯಿಗೊಂದು ನೊಗ

ಊರಿಂದ ವಾಪಸ್ ಬಂದ ದಿನ ಆಫೀಸಿನಲ್ಲಿ ಎಲ್ಲರೂ "ಮೂರು ವಾರ ರಜೆ ಹಾಕಿ ಏನ್ ಮಾಡಿದೆ?" ಅಂತ ಕೇಳಿದರು. "ಎರಡು ಕೋಲು ಕೆತ್ತಿದೆ" ಅಂದೆ. ತಮಾಷೆ ಅಂದುಕೊಂಡು ನಕ್ಕರು. ನಿಜವಾಗಿ ಮಾಡಿದ್ದು ಅಷ್ಟೇ. ಅಲ್ಲಲ್ಲ, ಮೂರು ಕೋಲು. ಒಂದು ಮುರಿದು ಹೋಯಿತು.

ನಮ್ಮನೆ ಇರುವುದು ಹೊಳೆಬಾಗಿಲಿನಿಂದ ಒಂದೂವರೆ ಮೈಲಿ ಈಚೆಗೆ. ಸಾಗರದಿಂದ ಸಿಗಂದೂರಿಗೆ ಹೋದವರಿಗೆಲ್ಲ ಗೊತ್ತಿರುವ ಜಾಗ, ಲಾಂಚ್ ಹತ್ತುತ್ತಿದ್ದ ದಡ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತಲ್ಲ, ಆಮೇಲೆ ಲಾಂಚಿಗಾಗಿ ಬಿಸಿಲಲ್ಲಿ ಸಾಲು ನಿಲ್ಲುವ ಕರ್ಮ ತಪ್ಪಿತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಆಚೆ ದಡದವರು ಪಟ್ಟ ಪಾಡು ನೋಡಿದವರು ಯಾರೂ ಸೇತುವೆ ಬೇಡ ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ. ಆದರೆ ಸುಮಾರು 2.4 ಕಿಲೋಮೀಟರ್ ಸೇತುವೆಯನ್ನು ಕಾರಿನಲ್ಲಿ ಮೂರು ನಿಮಿಷಕ್ಕೆ ದಾಟಿದ ಮೊದಲ ದಿನ ಎಂತದೋ ಕಳೆದುಕೊಂಡಂತಾಯಿತು. ಚಿಕ್ಕಂದಿನಿಂದ ನೀರಿನ ಮೇಲೆ ಹೋಗುತ್ತಿದ್ದೆ, ಈಗ ನೀರಿನ ಮೇಲಿಂದ ಹೋಗುತ್ತೇನೆ. ಎರಡೂ ಬೇರೆ ಬೇರೆ.

ಆ ಗುಂಗಿನಲ್ಲೇ ಹಿನ್ನೀರಿನ ಮೀನುಗಾರರೊಬ್ಬರಿಂದ ಹನ್ನೊಂದು ಅಡಿಯ ಹಳೇ ಫೈಬರ್ ದೋಣಿ ಕೊಂಡೆ. ಅದಕ್ಕೊಂದು ಹಾಯಿ ಕಟ್ಟಬೇಕು ಅನ್ನುವುದು ನನ್ನ ಹುಚ್ಚು. ಹಾಯಿ ಬಟ್ಟೆಯ ಚಿಂತೆ ಇರಲಿಲ್ಲ, ಅಡಿಕೆ ಒಣಗಿಸುವ ಟಾರ್ಪಾಲು ಮನೆಯಲ್ಲಿ ಬೇಕಾದಷ್ಟಿದೆ. ಬೇಕಾಗಿದ್ದು ಮರದ ಎರಡು ಕೋಲು. ದೋಣಿಯಲ್ಲಿ ನೆಟ್ಟಗೆ ನಿಲ್ಲುವ ಕಂಬ ಒಂದು, ಅದರ ತುದಿಗೆ ಏರಿ ಹಾಯಿಯನ್ನು ಹಿಡಿದುಕೊಳ್ಳುವ ಅಡ್ಡಕೋಲು ಇನ್ನೊಂದು. ಕಂಬಕ್ಕೆ ಕನ್ನಡದಲ್ಲಿ ಕೂವೆ ಅಂತ ಹೆಸರಿದೆ. ಅಮ್ಮನಿಗೆ ಫೋನಿನಲ್ಲಿ "ಕೂವೆ ಮಾಡ್ಬೇಕು" ಅಂದರೆ, "ಹೊಟ್ಟೆ ಸರಿ ಇಲ್ವನಾ?" ಅಂದಳು. ನಮ್ಮಲ್ಲಿ ಕೂವೆ ಅಂದರೆ ಹೊಟ್ಟೆ ಕೆಟ್ಟಾಗ ಗಂಜಿ ಕಾಸುವ ಕೂವೆ ಹಿಟ್ಟು :)

ಹಾಗೆ ನೋಡಿದರೆ ಈ ಕೆಲಸ ನಮ್ಮ ಹೊಳೆಗೆ ಹೊಸದೇನಲ್ಲ. ಘಟ್ಟದ ಕೆಳಗೆ ಹೊನ್ನಾವರದಲ್ಲಿ ಇದೇ ಶರಾವತಿ ಸಮುದ್ರ ಸೇರುತ್ತಾಳೆ. ಆ ಕರಾವಳಿಯಲ್ಲಿ ಪತ್ತೆಮಾರಿ, ಮಚವೆ, ಮಂಜಿ ಅಂತೆಲ್ಲ ಹಾಯಿ ಹಡಗುಗಳು ಓಡಾಡುತ್ತಿದ್ದವು. ಅವುಗಳ ಮೂರು ಮೂಲೆಯ ಹಾಯಿ ನೇತಾಡುತ್ತಿದ್ದುದು ಓರೆಯಾಗಿ ಏರಿಸಿದ ಉದ್ದನೆಯ ಕೋಲಿನಿಂದ. ಅಷ್ಟುದ್ದದ ಒಂದೇ ಮರ ಸಿಗದಿದ್ದರೆ ಎರಡು ಮೂರು ತುಂಡನ್ನು ಒಂದರ ಮೇಲೊಂದು ಜೋಡಿಸಿ ಹಗ್ಗದಿಂದ ಬಿಗಿಯುತ್ತಿದ್ದರು. ಕೂವೆಗೆ ಘಟ್ಟದ ಕಾಡಿನ ಮರ. ಸುರಹೊನ್ನೆಯ ಕುಲಕ್ಕೇ ಸೇರಿದ, ನೆಟ್ಟಗೆ ಬಾಣದ ಹಾಗೆ ಬೆಳೆಯುವ ಮರಗಳನ್ನು 19ನೇ ಶತಮಾನದಲ್ಲಿ ಇಂಗ್ಲಿಷರು 'ಪೂನ್ ಸ್ಪಾರ್' ಎಂದು ಕರೆದು ಕೆನರಾದ ಕಾಡುಗಳಿಂದ ಹಡಗಿಗೆ ಸಾಗಿಸುತ್ತಿದ್ದರು. ಆ 'ಪೂನ್' ನಮ್ಮ ಪೊನ್ನೆಯೇ. ನನಗೆ ಅಂಥ ಮರವೆಲ್ಲ ಎಲ್ಲಿಂದ ಬರಬೇಕು? ಸಾ ಮಿಲ್ಲಿನಿಂದ ಸಿಲ್ವರ್ ಓಕಿನ ಮೂರಿಂಚಿನ ಪಟ್ಟಿ ತಂದೆ.

ಇಂಥ ಕೋಲು ಉದ್ದಕ್ಕೂ ಒಂದೇ ದಪ್ಪ ಇರುವ ಹಾಗಿಲ್ಲ. ಕೂವೆಯನ್ನು ಹಗ್ಗ ಕಟ್ಟಿ ನಿಲ್ಲಿಸದೆ ಬರೀ ದೋಣಿಯ ಹಲಗೆಯ ತೂತಿಗೆ ಸಿಕ್ಕಿಸಿ ನಿಲ್ಲಿಸಿದರೆ, ಗಾಳಿಯ ಒತ್ತಡವೆಲ್ಲ ಬಂದು ಕೂರುವುದು ಆ ಹಲಗೆಯ ಹತ್ತಿರ. ಅಲ್ಲಿ ದಪ್ಪ ಬೇಕು. ಮೇಲೆ ಹೋದ ಹಾಗೆ ಒತ್ತಡ ಕಡಿಮೆ, ಅಲ್ಲಿ ಉಳಿಸಿದ ಮರವೆಲ್ಲ ದಂಡದ ಭಾರ. ಅದೂ ತುದಿಯ ಭಾರ, ದೋಣಿಯನ್ನು ಮಗುಚಲು ನೋಡುವ ಭಾರ. ದಪ್ಪ ಅರ್ಧ ಆದರೆ ತೂಕ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಬಾಗದೆ ನಿಲ್ಲುವ ಬಿಗಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಎಲ್ಲಿ ಎಷ್ಟು ತೆಗೆಯಬೇಕು ಅನ್ನುವುದೇ ಇಲ್ಲಿಯ ಇಡೀ ವಿದ್ಯೆ. ಇದನ್ನೆಲ್ಲ ನಾನು ಎಕ್ಸೆಲ್ಲಿನಲ್ಲಿ ಅಡಿಗೊಂದು ಸಾಲಿನಂತೆ ಲೆಕ್ಕ ಹಾಕಿದ್ದೆ. ಅಪ್ಪನಿಗೆ ತೋರಿಸಿದೆ. ಅಪ್ಪ ಕೊನೆ ಕೊಯ್ಲಿಗೆ ಬಂದವರ ಕೈಯಲ್ಲಿದ್ದ ಕಾರ್ಬನ್ ಫೈಬರ್ ದೋಟಿ ಕಡೆ ನೋಡಿ, "ತುದಿ ಭಾರ ಇದ್ರೆ ಕೈ ಬಿದ್ದು ಹೋಗ್ತದೆ. ಅದಕ್ಕೆ ಇಷ್ಟೆಲ್ಲ ಬರೀಬೇಕನಾ?" ಅಂದ. ಅಲ್ಲಿಗೆ ನನ್ನ ಎಂಜಿನಿಯರಿಂಗ್ ಡಿಗ್ರಿ ಮುಗಿಯಿತು.

ಕೆತ್ತಿದ್ದು ಹೀಗೆ. ಮೊದಲು ಪಟ್ಟಿಯ ನಡುವೆ ದಾರ ಹೊಡೆದು ಗೆರೆ. ಆ ಗೆರೆಯಿಂದ ಎರಡೂ ಪಕ್ಕಕ್ಕೆ ಅಡಿಗಡಿಗೆ ಅಳತೆ ಗುರುತು ಹಾಕಿ, ಪಟ್ಟಿಯನ್ನು ಚೌಕವಾಗಿಯೇ ಸಣ್ಣ ಮಾಡುತ್ತಾ ಹೋಗುವುದು. ಬುಡದಲ್ಲಿ ಎರಡೂವರೆ ಇಂಚು, ತುದಿಯಲ್ಲಿ ಒಂದೂವರೆ. ಇನ್ನೂ ಗುಂಡಗೆ ಮಾಡುವ ಹಾಗಿಲ್ಲ. ಚೌಕ ಸರಿಯಾದ ಮೇಲೆ ನಾಲ್ಕು ಮೂಲೆ ತೆಗೆದು ಎಂಟು ಮುಖ, ಆಮೇಲೆ ಹದಿನಾರು, ಕಡೆಗೆ ಗುಂಡು. ಎಂಟು ಮುಖಕ್ಕೆ ಗೆರೆ ಹಾಕಲು ಒಂದು ಚಂದದ ಉಪಾಯವಿದೆ. ಒಂದು ತುಂಡು ಮರದಲ್ಲಿ ಇಪ್ಪತ್ನಾಲ್ಕು ಪಾಲು ದೂರಕ್ಕೆ ಎರಡು ಗೂಟ, ನಡುವೆ ಏಳು-ಹತ್ತು-ಏಳು ಪಾಲಾಗುವ ಹಾಗೆ ಎರಡು ಮೊಳೆ. ಗೂಟಗಳೆರಡೂ ಪಟ್ಟಿಯ ಎರಡು ಪಕ್ಕಕ್ಕೆ ತಾಗಿಕೊಂಡಿರುವ ಹಾಗೆ ಎಳೆಯುತ್ತಾ ಹೋದರೆ ಮೊಳೆಗಳು ಗೆರೆ ಕೊರೆಯುತ್ತವೆ. ಪಟ್ಟಿ ಸಣ್ಣ ಆದಂತೆ ಸಲಕರಣೆ ತನ್ನಷ್ಟಕ್ಕೇ ಓರೆಯಾಗುತ್ತದೆ, ಪಾಲು ಮಾತ್ರ ಏಳು-ಹತ್ತು-ಏಳೇ ಉಳಿಯುತ್ತದೆ. ಬ್ಯಾಟರಿ ಇಲ್ಲ, ಅಪ್‌ಡೇಟ್ ಇಲ್ಲ. ನಾನು ಬರೆದ ಯಾವ ಕೋಡೂ ಇಷ್ಟು ನಿಯತ್ತಾಗಿ ಕೆಲಸ ಮಾಡಿದ್ದಿಲ್ಲ.

ಐದು ದಿನ ಹಿಡಿಯಿತು. ಅಡಿಕೆ ಸುಲಿಯುವವರು ರಾತ್ರಿ ಚಪ್ಪರದ ಕೆಳಗೆ ಕೂತು ನನ್ನನ್ನೇ ನೋಡಿ ನಗುವುದು, "ಹುಡುಗಂಗೆ ಬೆಂಗ್ಳೂರಲ್ಲಿ ಎಂತಾತೇನ" ಅನ್ನುವುದು ನಡೆದೇ ಇತ್ತು. ಕೂವೆ ನೋಡಲು ಬಲು ಚಂದ ಬಂತು. ಅಡ್ಡಕೋಲಿಗೆ ಸದ್ಯಕ್ಕೆ ಒಂದು ಬಿದಿರು ಕಟ್ಟಿ ನೀರಿಗಿಳಿಸಿದೆ. ಮಧ್ಯಾಹ್ನ ಮೂರರ ಮೇಲೆ ಪಡುವಣ ಗಾಳಿ ಬೀಸತೊಡಗಿತು, ದೋಣಿ ಹೊರಟಿತು. ದಡದಿಂದ ಇನ್ನೂರು ಮಾರು ಹೋಗಿರಬೇಕು, ಒಂದು ಬೀಸು ಗಾಳಿ ಬಂದು 'ಟಕ್' ಅಂತು. ಹಲಗೆಯ ಮೇಲ್ಗಡೆಯೇ ಓರೆಯಾಗಿ ಒಂದೂವರೆ ಅಡಿ ಸೀಳಿಕೊಂಡು ಕೂವೆ, ಹಾಯಿ, ಬಿದಿರು ಎಲ್ಲ ನನ್ನ ತಲೆ ಮೇಲೆ. ಲೈಫ್ ಜಾಕೆಟ್ ಇತ್ತು, ದೋಣಿ ಮಗುಚಲಿಲ್ಲ. ಹುಟ್ಟು ಹಾಕಿಕೊಂಡು ವಾಪಸ್ ಬಂದೆ. ಸೇತುವೆ ಮೇಲೆ ನಿಂತಿದ್ದ ಪ್ರವಾಸಿಗರು ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಮರುದಿನ ಮುರಿದ ತುಂಡು ತೆಗೆದುಕೊಂಡು ಆಚಾರ್ರ ಮನೆಗೆ ಹೋದೆ. ಎಪ್ಪತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಕೆಲಸ ಬಿಟ್ಟು ಮೂರ್ನಾಲ್ಕು ವರ್ಷ. ತುಂಡನ್ನು ಬೆಳಕಿಗೆ ಹಿಡಿದು ಉಗುರಿನಿಂದ ಎಳೆಯ ಜಾಡು ಹಿಡಿದರು. ಉಗುರು ನಾಲ್ಕಿಂಚು ಹೋಗುವಷ್ಟರಲ್ಲಿ ಪಕ್ಕದ ಅಂಚಿಗೆ ಬಂದು ಹೊರಗೆ ಬಿದ್ದೇ ಬಿಟ್ಟಿತು. "ನೋಡು ತಮ್ಮಾ, ನೀನು ನೆಟ್ಟಗೆ ಕೆತ್ತಿದೀಯ. ಮರ ನೆಟ್ಟಗಿಲ್ಲ" ಅಂದರು. ಮಿಲ್ಲಿನ ಗರಗಸಕ್ಕೆ ಎಳೆಯ ಗೊಡವೆ ಇಲ್ಲ, ಗೆರೆ ಹಿಡಿದು ಕೊಯ್ದುಕೊಂಡು ಹೋಗುತ್ತದೆ. ನನ್ನ ಲೆಕ್ಕದಲ್ಲಿ ಎರಡೂವರೆ ಇಂಚು ದಪ್ಪವಿದ್ದ ಜಾಗದಲ್ಲಿ ಬುಡದಿಂದ ತುದಿಯವರೆಗೆ ಹಾದುಹೋಗುವ ಎಳೆ ಬೆರಳಷ್ಟೂ ಇರಲಿಲ್ಲ. ಉಳಿದದ್ದೆಲ್ಲ ಒಂದಕ್ಕೊಂದು ಅಂಟಿಕೊಂಡ ಚೂರು. ಎಕ್ಸೆಲ್ಲಿನಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ.

ಆಚಾರ್ರು ನಮ್ಮನೆಗೆ ಬಂದರು. ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಕಾಳುಮೆಣಸಿನ ಬಳ್ಳಿಯ ಸಿಲ್ವರ್ ಓಕ್ ಕೊಟ್ಟಿಗೆ ಮಾಡಿನಡಿ ಒಣಗುತ್ತಿತ್ತು. ಅದರ ತೊಗಟೆಯ ಗೆರೆ ತಿರುಚದೆ ನೆಟ್ಟಗೆ ಹೋಗಿದೆಯೇ ಅಂತ ನೋಡಿ, ಗರಗಸ ಮುಟ್ಟದೆ ಬೆಣೆ ಹೊಡೆದು ಸೀಳಿದರು. ಸೀಳಿದರೆ ಮರ ತನ್ನ ಎಳೆಯ ಜಾಡಿನಲ್ಲೇ ಬಿಟ್ಟುಕೊಳ್ಳುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ಕೂವೆಗಾಯಿತು. ಅಡ್ಡಕೋಲಿನ ಚಿತ್ರ ಕೇಳಿದರು. ತೋರಿಸಿದೆ: ನಡುವೆ ದಪ್ಪ, ಎರಡೂ ತುದಿಗೆ ಸಣ್ಣ. "ಇದೆಂತ ಹೊಸದು! ನೊಗ ಅಲ್ದನಾ ಇದು?" ಅಂದರು. ಹೌದಲ್ಲ! ನಡುವಿಗೆ ಕಟ್ಟು, ಎರಡು ತುದಿಯಲ್ಲಿ ಎಳೆತ. ಎತ್ತು ಎಳೆದರೇನು, ಗಾಳಿ ಎಳೆದರೇನು. ಕೂವೆ ಕೆತ್ತದ ಆ ಮನುಷ್ಯ ಅರವತ್ತು ವರ್ಷದಲ್ಲಿ ಎಷ್ಟು ನೊಗ ಕೆತ್ತಿದ್ದರೋ.

ಅದಕ್ಕೆ ಮರ? ಆಚಾರ್ರು ಕತ್ತೆತ್ತಿ ಅಟ್ಟದ ಕಡೆ ನೋಡಿದರು. ಅಪ್ಪ ಕೂಡಲೇ, "ಅದನ್ನ ಮುಟ್ಟದು ಬೇಡ" ಅಂದ.

ಅಲ್ಲಿರುವುದು ಹಳೇ ಮನೆಯ ಜಂತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಗಿ ಕಣಿವೆ ಮುಳುಗಿತಲ್ಲ, ಅದರಲ್ಲಿ ನಮ್ಮಜ್ಜನ ಮನೆಯೂ ತೋಟವೂ ಹೋದವು. 1819 ಅಡಿ ಅನ್ನುವುದು ಬೇರೆಯವರಿಗೆ ಬರೀ ಜಲಾಶಯದ ಮಟ್ಟ, ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಬಹಳ ಜನ ಶಿವಮೊಗ್ಗದ ಕಡೆ ಹೋದರು. ಮುಳುಗಡೆಯವರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಅಜ್ಜ ಇಲ್ಲೇ ಗುಡ್ಡದ ಮೇಲೆ ಉಳಿದ. ಬಿಚ್ಚಿ ತಂದ ಮರದಲ್ಲಿ ಬಹಳಷ್ಟು ಹೊಸ ಮನೆಗೆ ಹೋಯಿತು, ಈ ಒಂದು ಸಾಗುವಾನಿ ಜಂತಿ ಯಾಕೋ ಉಳಿಯಿತು. ಆಗ ಅಪ್ಪನಿಗೆ ನಾಲ್ಕು ವರ್ಷ. ಆ ಮನೆಯ ನೆನಪು ಒಂದೂ ಇಲ್ಲ ಅವನಿಗೆ. ಇರುವುದು ಆ ಮರ ಒಂದೇ. ನಾನೂ ಸುಮ್ಮನಾದೆ.

ಎರಡು ದಿನ ಬಿಟ್ಟು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ, ಯಾರನ್ನೂ ನೋಡದೆ, "ಅಟ್ಟದಲ್ಲಿಟ್ಟು ಗೆದ್ದಲಿಗೆ ಹಾಕ್ತ್ಯನಾ?" ಅಂದಳು. ಅಜ್ಜಿ ಹಿನ್ನೀರಿಗೆ ಹೊಳೆ ಅನ್ನುವುದಿಲ್ಲ, ಮುಳುಗಡೆ ಅನ್ನುತ್ತಾಳೆ. ದಡಕ್ಕೆ ಹೋಗಿದ್ದನ್ನು ನಾನಂತೂ ನೋಡಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಜಂತಿಯನ್ನು ಅಂಗಳಕ್ಕೆ ಇಳಿಸಿಟ್ಟಿದ್ದ.

ಹನ್ನೊಂದು ಅಡಿ ಇತ್ತು. ಒಂದು ತುದಿಯಿಂದ ಎರಡಡಿಗೆ ಕಬ್ಬಿಣದ ಬಳೆ ಹೊಡೆದ ತೂತು, ಸುತ್ತ ಕಪ್ಪು ಕಲೆ. ತೊಟ್ಟಿಲು ಕಟ್ಟುತ್ತಿದ್ದ ಬಳೆ. ಅಪ್ಪನನ್ನು ಮಲಗಿಸಿದ್ದ ತೊಟ್ಟಿಲು. ಆ ತೂತಿನ ಹತ್ತಿರ ಮರ ಸೋತಿದೆ, ಎಳೆತ ತಡೆಯುವುದಿಲ್ಲ, ಅಷ್ಟು ಕತ್ತರಿಸಬೇಕು ಅಂದರು ಆಚಾರ್ರು. ನಾನು ಮತ್ತೊಮ್ಮೆ ಬೇಡ ಅನ್ನುವ ಮೊದಲೇ ಅಪ್ಪ ಗರಗಸ ತೆಗೆದುಕೊಂಡ. ಉಳಿದದ್ದು ಒಂಬತ್ತಡಿ, ನನ್ನ ಹಾಯಿಗೆ ಸಾಲದು. ಹಾಗಾಗಿ ಹಾಯಿಯನ್ನೇ ಚಿಕ್ಕದು ಮಾಡಿದೆವು. ಸಾಗುವಾನಿ ಇಂಥ ಕೆಲಸಕ್ಕೆ ಭಾರ. ಪರದೇಶದವರು ಹಗುರವಾದ ಸ್ಪ್ರೂಸ್ ಮರ ಹುಡುಕುತ್ತಾರೆ. ನಾವು ಕೋಲನ್ನು ಲೆಕ್ಕಕ್ಕಿಂತ ಒಂದು ನೂಲು ಸಣ್ಣ ಮಾಡಿದೆವು. ಎಳೆ ತುದಿಯಿಂದ ತುದಿಗೆ ಹೋಗಿತ್ತು, ತಡೆಯುತ್ತದೆ ಅಂದರು ಆಚಾರ್ರು.

ಈ ಸಲ ಕೆಲಸ ನಿಧಾನ. ಕೀಸುಳಿಗೆ ಆಚಾರ್ರು ಹತ್ತರಿ ಅನ್ನುತ್ತಾರೆ. ಹತ್ತರಿಯ ಬಾಯಿಂದ ಬರುವ ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಬಂದರೆ ಎಳೆಯ ದಿಕ್ಕಿಗೆ ಹೋಗುತ್ತಿದ್ದೇವೆ ಅಂತ, ಪುಡಿ ಪುಡಿಯಾಗಿ ಕಿತ್ತು ಬಂದರೆ ಎದುರಿಗೆ. ನಡುವಿನಿಂದ ಎರಡೂ ತುದಿಯ ಕಡೆಗೆ, ಅಂದರೆ ದಪ್ಪದಿಂದ ಸಣ್ಣಕ್ಕೆ ಹೊಡೆಯಬೇಕು, ತಿರುಗಿಸಿ ಹೊಡೆದರೆ ಕಿತ್ತು ಬರುತ್ತದೆ. ಏಳು-ಹತ್ತು-ಏಳರ ಸಲಕರಣೆ ಆಚಾರ್ರಿಗೆ ಬಹಳ ಇಷ್ಟವಾಯಿತು, ಇಟ್ಟುಕೊಂಡರು. ಹದಿನಾರು ಮುಖ ಆದ ಮೇಲೆ ಅವರು ಕಣ್ಣು ಮುಚ್ಚಿಕೊಂಡು ಕೋಲನ್ನು ಅಂಗೈಯೊಳಗೆ ತಿರುಗಿಸುತ್ತಾ ಬುಡದಿಂದ ತುದಿಗೆ ಎಳೆಯುವುದು, ತಡೆದಲ್ಲಿ ನಿಲ್ಲುವುದು, ನಾನು ಅಲ್ಲಿ ಸೀಸದಕಡ್ಡಿ ಗುರುತು ಹಾಕುವುದು. ನಾನು ಅದೇ ಜಾಗ ಮುಟ್ಟಿದರೆ ಏನೂ ಗೊತ್ತಾಗುತ್ತಿರಲಿಲ್ಲ. ನಾಲ್ಕನೇ ದಿನ ಒಂದು ಕಡೆ ಗೊತ್ತಾಯಿತು. ಪ್ರಮೋಷನ್ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಉಪ್ಪುಕಾಗದದ ಪಟ್ಟಿಯನ್ನು ಕೋಲಿಗೆ ಸುತ್ತಿ ಎರಡೂ ಕೈಯಲ್ಲಿ ಎಳೆದಾಡಿ ನಯ ಮಾಡಿದೆವು. ಗೇರೆಣ್ಣೆ ಹಚ್ಚೋಣ ಅಂದೆ, ಕೈಯೆಲ್ಲ ಬೊಬ್ಬೆ ಬರ್ತದೆ ಅಂತ ಬೈದು ವಾರ್ನಿಷ್ ಕೊಡಿಸಿದರು.

ಅಜ್ಜಿ ಬಂದು ಕೋಲನ್ನೊಮ್ಮೆ ಸವರಿದಳು. ಏನೂ ಹೇಳಲಿಲ್ಲ. ಬಳೆ ತೂತಿನ ಎರಡಡಿ ತುಂಡನ್ನು ಎತ್ತಿಕೊಂಡು ಒಳಗೆ ಹೋದಳು.

ರಜೆ ಮುಗಿಯಲು ಎರಡು ದಿನ ಇರುವಾಗ ದೋಣಿ ಇಳಿಸಿದೆವು. ಅಪ್ಪ ದಡದಲ್ಲಿ ನಿಂತು ನೋಡುತ್ತಾನೆ ಅಂದುಕೊಂಡಿದ್ದೆ. ಪಂಚೆ ಎತ್ತಿ ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡು ಮುಂದೆ ಬಂದು ಕೂತ. ಆಚಾರ್ರು ದೂಡಿದರು. ಹಗ್ಗ ಎಳೆದೆ, ನೊಗ ಮೇಲೇರಿತು, ಟಾರ್ಪಾಲು ಪಟಪಟ ಅಂದು ಆಮೇಲೆ ಸದ್ದಿಲ್ಲದೆ ಉಬ್ಬಿತು. ಕೂವೆಯ ತುದಿ ಒಂದಿಷ್ಟು ಬಾಗಿ ನಿಂತಿತು. ಗಾಳಿ ಬಿಟ್ಟಾಗ ಮತ್ತೆ ನೆಟ್ಟಗಾಯಿತು. ಸೇತುವೆಯ ನೆರಳು ದಾಟಿ ತೆಂಕಲಾಗಿ ಹೋದೆವು. ಅಜ್ಜನ ಮನೆ ಇದ್ದದ್ದು ಆ ಕಡೆಯೇ ಎಲ್ಲೋ, ನೀರಿನಡಿಗೆ. ಅಪ್ಪ ಈಗ ಏನಾದರೂ ಹೇಳುತ್ತಾನೆ ಅಂತ ಕಾಯುತ್ತಿದ್ದೆ. ಅವನು ನೀರನ್ನು ನೋಡಲೇ ಇಲ್ಲ. ಕತ್ತು ಮೇಲೆ ಮಾಡಿ ನೊಗವನ್ನೇ ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ, "ಎಡಗಡೆ ತುದಿ ಸ್ವಲ್ಪ ದಪ್ಪ ಉಳ್ದಿದೆ, ಅಲ್ದ?" ಅಂದ.

ನಾನೂ ನೋಡಿದೆ. ಹೌದು, ಉಳಿದಿತ್ತು. ಸಂಜೆ ಮನೆಗೆ ತಂದು ಇನ್ನೂ ನಾಲ್ಕು ಸಿಪ್ಪೆ ತೆಗೆದೆವು.